ಜಗಲಿ ಖಾಲಿ ಇಲ್ಲ, ಆದರೂ ಜಾಗ ಇದೆ

ಕಂಪ್ಯೂಟರಿನಲ್ಲಿ ಮೆಮೊರಿ ಎಷ್ಟು ಉಳಿದಿದೆ ಅಂತ ನೋಡುವುದರ ಬಗ್ಗೆ ಸಾಗರದಲ್ಲಿ ಒಂದು ಭಾನುವಾರ ಮಧ್ಯಾಹ್ನ ಆಡಿದ ಮಾತು ಇದು. ರೆಕಾರ್ಡಿಂಗ್ ಕೇಳಿಕೊಂಡು ನಾನೇ ಬರೆದಿದ್ದೇನೆ. ನಮಸ್ಕಾರ, ಕೆಮ್ಮು, ಪ್ರೊಜೆಕ್ಟರ್ ಸರಿಮಾಡುವುದಕ್ಕೆ ಹೋದ ಹತ್ತು ನಿಮಿಷ, ಇವನ್ನೆಲ್ಲ ಬಿಟ್ಟಿದ್ದೇನೆ.

ನಾನು ಮಾಡಿದ ಒಂದು ತಪ್ಪಿನಿಂದಲೇ ಶುರು ಮಾಡುತ್ತೇನೆ. 2012ರ ಮಾತು. ನಮ್ಮ ಕಡೆಯ ಒಂದು ಸಣ್ಣ ಕಚೇರಿ, ಹೆಸರು ಬೇಡ. ಅಲ್ಲಿ ವಿಂಡೋಸ್ ಬದಲು ಲಿನಕ್ಸ್ ಹಾಕಿದ ಒಂದು ಕಂಪ್ಯೂಟರ್ ಇತ್ತು, 4 ಜಿಬಿ ರ‍್ಯಾಮ್. ದಿನಾ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಅದು ಆಮೆ ಆಗಿಬಿಡುತ್ತಿತ್ತು. ಕ್ಲಿಕ್ ಮಾಡಿ, ಎದ್ದು ಹೋಗಿ ಕಾಫಿ ಕುಡಿದು ಬಂದರೂ ಕಿಟಕಿ ತೆರೆದಿರುತ್ತಿರಲಿಲ್ಲ. ನನ್ನನ್ನು ಕರೆದರು. ನಾನು ಹೋಗಿ ಎಲ್ಲರ ಎದುರು ಕಪ್ಪು ಪರದೆ ತೆಗೆದು, ಠೀವಿಯಿಂದ ಒಂದು ಕಮಾಂಡ್ ಹೊಡೆದೆ. ಒಟ್ಟು 3700 ಎಂಬಿ, ಬಳಕೆಯಲ್ಲಿರುವುದು 3510, ಖಾಲಿ 190 ಅಂತ ಬಂತು. ‘ನೋಡಿ ಸಾರ್, ಮೆಮೊರಿ ಪೂರ್ತಿ ಮುಗಿದಿದೆ, ಇನ್ನೊಂದು 4 ಜಿಬಿ ಹಾಕಿಸಿ’ ಅಂದೆ. ಪಾಪ, ಹಾಕಿಸಿದರು. ಒಂದು ವಾರ ಬಿಟ್ಟು ಮತ್ತೆ ಫೋನ್. ಹೋಗಿ ಅದೇ ಕಮಾಂಡ್ ಹೊಡೆದರೆ ಖಾಲಿ ಇರುವುದು ಮತ್ತೆ 200ರ ಆಸುಪಾಸು! 4 ಜಿಬಿ ಹೊಸ ಮೆಮೊರಿಯನ್ನೂ ಯಾರೋ ನುಂಗಿಬಿಟ್ಟಿದ್ದರು.

ಯಾರು ನುಂಗಿದ್ದು ಅನ್ನುವುದೇ ಇವತ್ತಿನ ಮಾತು. ಕಪ್ಪು ಪರದೆಯಲ್ಲಿ ಮೆಮೊರಿ ಎಷ್ಟಿದೆ ಅಂತ ನೋಡುವುದು ಹೇಗೆ ಅಂತ ಕೇಳಿದರೆ ಎರಡು ನಿಮಿಷದಲ್ಲಿ ಹೇಳಿ ಮನೆಗೆ ಹೋಗಬಹುದು. ಕಮಾಂಡ್ ಹೊಡೆಯುವುದು ಕಷ್ಟವಲ್ಲ. ಬಂದ ಅಂಕಿಗಳಲ್ಲಿ ಯಾವುದನ್ನು ನೋಡಬೇಕು ಅನ್ನುವುದರಲ್ಲೇ ಎಲ್ಲರೂ ಎಡವುವುದು.

ಸರಿ, ಲ್ಯಾಪ್‌ಟಾಪ್ ತಂದವರು ಟರ್ಮಿನಲ್, ಅಂದರೆ ಆ ಕಪ್ಪು ಪರದೆ, ತೆರೆಯಿರಿ. ಉಬುಂಟು ಅನ್ನುವ ಲಿನಕ್ಸಿನಲ್ಲಿ ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿದರೆ ಬರುತ್ತದೆ. ನಾನು ಬಾಯಲ್ಲಿ ಹೇಳುತ್ತೇನೆ, ನೀವು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಹೊಡೆಯುತ್ತಾ ಹೋಗಿ. ಫ್ರೀ, ಒಂದು ಸ್ಪೇಸ್, ಒಂದು ಹೈಫನ್, ಅದಕ್ಕೆ ಅಂಟಿಕೊಂಡೇ ಎಚ್. ಎಂಟರ್. ಆ ಎಚ್ ಹಾಕಿದ್ದು ಮನುಷ್ಯರು ಓದುವ ಹಾಗೆ ತೋರಿಸು ಅಂತ. ಹಾಕದಿದ್ದರೆ ಎಲ್ಲ ಕಿಲೋಬೈಟ್ ಲೆಕ್ಕದಲ್ಲಿ ಬಂದು, ಏಳೆಂಟು ಅಂಕೆಗಳ ಸಾಲು ನೋಡಿ ಕಣ್ಣು ಮಂಜಾಗುತ್ತದೆ.

ಪರದೆ ಮೇಲೆ ನನ್ನ ಲ್ಯಾಪ್‌ಟಾಪಿನದು ಕಾಣುತ್ತಿದೆಯಲ್ಲ? ಟೋಟಲ್ 7.5, ಯೂಸ್ಡ್ 3.4, ಫ್ರೀ 412 ಎಂಬಿ, ಶೇರ್ಡ್ 310 ಎಂಬಿ, ಬಫ್-ಕ್ಯಾಶ್ 4.2, ಕೊನೆಗೆ ಅವೈಲಬಲ್ 4.1. ಕೆಳಗೆ ಸ್ವಾಪ್ ಅಂತ ಇನ್ನೊಂದು ಸಾಲು ಇದೆ, ಅದಕ್ಕೆ ಆಮೇಲೆ ಬರೋಣ.

ಮೊದಲ ಅನುಮಾನ ಎಲ್ಲರಿಗೂ ಬರುತ್ತದೆ. ನಾನು ದುಡ್ಡು ಕೊಟ್ಟಿದ್ದು 8 ಜಿಬಿಗೆ, ಇಲ್ಲಿ 7.5 ಯಾಕೆ? ಸಾವಿರಕ್ಕೂ ಸಾವಿರದ ಇಪ್ಪತ್ನಾಲ್ಕಕ್ಕೂ ಇರುವ ವ್ಯತ್ಯಾಸ ಅಂತ ಬಹಳ ಜನ ಹೇಳುತ್ತಾರೆ. ಹಾರ್ಡ್ ಡಿಸ್ಕಿಗೆ ಅದು ನಿಜ. ರ‍್ಯಾಮಿಗೆ ಅಲ್ಲ, ಅದನ್ನು ಮಾರುವುದೇ 1024ರ ಲೆಕ್ಕದಲ್ಲಿ. ಕಡಿಮೆಯಾದ ಅರ್ಧ ಜಿಬಿಯನ್ನು ಶುರುವಿನಲ್ಲೇ ತೆಗೆದಿಟ್ಟಿರುತ್ತಾರೆ: ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮೆಷಿನ್‌ನಲ್ಲಿ ಪರದೆಯ ಚಿತ್ರಕ್ಕೆ ಒಂದಷ್ಟು, ಮೆಷಿನ್ ಆನ್ ಆಗುವಾಗ ಮೊದಲು ಓಡುವ ಫರ್ಮ್‌ವೇರಿಗೆ ಒಂದಷ್ಟು, ಲಿನಕ್ಸಿನ ಒಳತಿರುಳಾದ ಕರ್ನಲ್ ತನಗೆ ಅಂತ ಇಟ್ಟುಕೊಂಡಿದ್ದು ಒಂದಷ್ಟು. ಅಂಗಡಿಯವನು ಮೋಸ ಮಾಡಿಲ್ಲ, ಜಗಳಕ್ಕೆ ಹೋಗಬೇಡಿ.

ಈಗ ಫ್ರೀ ಅನ್ನುವ ಕಾಲಮ್ ನೋಡಿ. ನಾನು 2012ರಲ್ಲಿ ಮುಗ್ಗರಿಸಿದ್ದು ಇಲ್ಲೇ. 412 ಎಂಬಿ. ಅಂದರೆ ಈ ಮೆಷಿನ್ ಉಸಿರು ಕಟ್ಟಿಕೊಂಡಿದೆಯಾ? ಇಲ್ಲ, ಆರಾಮಾಗಿದೆ.

ನಿಮ್ಮ ಮನೆಯ ಜಗಲಿ ನೆನಪು ಮಾಡಿಕೊಳ್ಳಿ. ಇಲ್ಲಿ ಅರ್ಧಕ್ಕರ್ಧ ಜನ ಅಡಿಕೆ ಮನೆಯವರೇ ಇದ್ದೀರಿ, ಹಾಗಾಗಿ ನಾನು ಜಾಸ್ತಿ ವಿವರಿಸಬೇಕಾಗಿಲ್ಲ. ಕೊಯ್ಲಿನ ಕಾಲದಲ್ಲಿ ಜಗಲಿ ತುಂಬ ಅಡಿಕೆ. ಒಂದು ಕಡೆ ಸುಲಿಯುವವರು ಕೂತಿರುತ್ತಾರೆ, ಒಂದು ಕಡೆ ಸುಲಿದಿದ್ದು, ಇನ್ನೊಂದು ಕಡೆ ಸಿಪ್ಪೆ, ಮೂಲೆಯಲ್ಲಿ ಗೋಣಿಚೀಲ. ಕಾಲಿಡುವುದಕ್ಕೂ ಜಾಗ ಇಲ್ಲ. ಆ ಹೊತ್ತಿಗೆ ತೀರ್ಥಹಳ್ಳಿ ಕಡೆಯಿಂದ ನೆಂಟರು ಬಂದರು ಅಂತಿಟ್ಟುಕೊಳ್ಳಿ. ಜಗಲಿ ತುಂಬಿದೆ, ನೀವು ವಾಪಸ್ ಹೋಗಿ ಅನ್ನುತ್ತೀರಾ? ಚೀಲ ಆಚೆ ಸರಿಸಿ, ಸಿಪ್ಪೆ ಗುಡಿಸಿ, ಚಾಪೆ ಹಾಸಿ ಕೂರಿಸುತ್ತೀರಿ. ಜಗಲಿ ಖಾಲಿ ಇತ್ತಾ? ಇಲ್ಲ. ಜಾಗ ಇತ್ತಾ? ಇತ್ತು. ಫ್ರೀ ಅಂದರೆ ಬರಿ ನೆಲ ಕಾಣುವ ಜಾಗ. ಅವೈಲಬಲ್ ಅಂದರೆ ನೆಂಟರು ಬಂದರೆ ಮಾಡಿಕೊಡಬಹುದಾದ ಜಾಗ.

ತಮಾಷೆ ನೋಡಿ, ನಾವು ಫೋನಿನಲ್ಲಿ ‘ಫ್ರೀ ಇದ್ದೀರಾ’ ಅಂತ ಕೇಳುತ್ತೇವಲ್ಲ, ಆಚೆಯವರು ಏನೋ ಮಾಡುತ್ತಿರುತ್ತಾರೆ, ಆದರೂ ‘ಹೂಂ ಹೇಳಿ’ ಅನ್ನುತ್ತಾರೆ. ನಮ್ಮ ಮಾತಿನ ಫ್ರೀ ಈ ಪಟ್ಟಿಯಲ್ಲಿ ಅವೈಲಬಲ್ ಕಾಲಮ್ಮಿನಲ್ಲಿದೆ. ಫ್ರೀ ಅಂತ ಬರೆದಿರುವ ಕಾಲಮ್ ಸುಮ್ನೆ ಬಿದ್ದಿರುವ ಮೆಮೊರಿ, ಯಾರಿಗೂ ಉಪಯೋಗಕ್ಕೆ ಬರದೆ ಇರುವುದು.

ಹಾಗಾದರೆ ಜಗಲಿಯಲ್ಲಿ ತುಂಬಿಕೊಂಡಿರುವುದು ಏನು? ಬಫ್-ಕ್ಯಾಶ್ ಅಂತ ಇದೆಯಲ್ಲ, ಅದು. ನೀವು ಡಿಸ್ಕಿನಿಂದ ಒಂದು ಫೈಲ್ ಓದಿದಿರಿ. ಓದಿದ ಮೇಲೆ ಕರ್ನಲ್ ಅದನ್ನು ಬಿಸಾಡುವುದಿಲ್ಲ. ಹೇಗೂ ಮೆಮೊರಿ ಖಾಲಿ ಬಿದ್ದಿದೆ, ಇನ್ನೊಮ್ಮೆ ಕೇಳಿದರೆ ಬೇಗ ಕೊಡಬಹುದು ಅಂತ ಅಲ್ಲೇ ಇಟ್ಟುಕೊಳ್ಳುತ್ತದೆ. ಡಿಸ್ಕಿನಿಂದ ತರುವುದಕ್ಕಿಂತ ರ‍್ಯಾಮಿನಿಂದ ತರುವುದು ಎಷ್ಟೋ ಪಟ್ಟು ಬೇಗ. ಒಂದು ದೊಡ್ಡ ಪ್ರೋಗ್ರಾಮ್ ಮೊದಲ ಸಲ ತೆರೆಯುವಾಗ ಹೊತ್ತು ಹಿಡಿಯುತ್ತದೆ, ಮುಚ್ಚಿ ಮತ್ತೆ ತೆರೆದರೆ ತಟ್ಟನೆ ಬರುತ್ತದೆ, ಗಮನಿಸಿದ್ದೀರಾ? ಅದು ಕ್ಯಾಶಿನ ಕೆಲಸ.

ಆ ಕಚೇರಿಯ ಕತೆ ಇಲ್ಲಿಗೆ ಸೇರುತ್ತದೆ. ಅಲ್ಲಿ ಯಾರೋ ಹಿಂದೆ ಒಂದು ಬ್ಯಾಕಪ್ ಇಟ್ಟಿದ್ದರು. ದಿನಾ ಬೆಳಗ್ಗೆ ಹನ್ನೊಂದಕ್ಕೆ ಲೆಕ್ಕಪತ್ರದ ಇಡೀ ಫೋಲ್ಡರ್ ಹೊರಗಿನ ಡಿಸ್ಕಿಗೆ ನಕಲಾಗುವುದು. ಅಷ್ಟೂ ಫೈಲ್ ಓದಿದ್ದರಿಂದ ಕ್ಯಾಶ್ ತುಂಬುತ್ತಿತ್ತು, ಫ್ರೀ ಇಳಿಯುತ್ತಿತ್ತು. 8 ಜಿಬಿ ಮಾಡಿದರೆ 8 ಜಿಬಿಯೂ ತುಂಬುತ್ತದೆ, 16 ಮಾಡಿದ್ದರೆ ಸ್ವಲ್ಪ ದಿನದಲ್ಲಿ ಅದೂ ತುಂಬುತ್ತಿತ್ತು. ಮೆಷಿನ್ ನಿಧಾನ ಆಗುತ್ತಿದ್ದದ್ದು ಡಿಸ್ಕ್ ಒಂದೇ ಸಮ ಓಡುತ್ತಿದ್ದುದರಿಂದ, ಮೆಮೊರಿ ಸಾಲದೆ ಅಲ್ಲವೇ ಅಲ್ಲ. ಬ್ಯಾಕಪ್ ಹೊತ್ತನ್ನು ರಾತ್ರಿ ಎಂಟಕ್ಕೆ ಬದಲಿಸಿದೆ, ಮುಗೀತು. ಆಗಿನ ಫ್ರೀ ಕಮಾಂಡಿನಲ್ಲಿ ಎರಡನೇ ಸಾಲು ಒಂದಿರುತ್ತಿತ್ತು, ಕ್ಯಾಶ್ ಬಿಟ್ಟು ಲೆಕ್ಕ ಹಾಕಿದರೆ ಎಷ್ಟು ಉಳಿಯುತ್ತದೆ ಅಂತ. ಅದರಲ್ಲಿ ಸ್ಪಷ್ಟವಾಗಿ ಎರಡೂವರೆ ಸಾವಿರ ಎಂಬಿ ಖಾಲಿ ಇದೆ ಅಂತ ಬರೆದಿತ್ತು. ನಾನು ಮೊದಲ ಸಾಲು ಓದಿ ತೀರ್ಪು ಕೊಟ್ಟಿದ್ದೆ. ಆ ಎರಡನೇ ಸಾಲಿನ ಹೆಸರೇ ಒಂದು ಮೈನಸ್, ಒಂದು ಪ್ಲಸ್, ಆಮೇಲೆ ಬಫರ್ಸ್, ಕ್ಯಾಶ್ ಅಂತ ಏನೇನೋ ಇತ್ತು. ಓದಿದವರು ಅಪರೂಪ ಅಂತ ನನ್ನ ಸಮಾಧಾನ.

ಈ ಗೊಂದಲ ನನ್ನೊಬ್ಬನದಲ್ಲ. ಪ್ರಪಂಚದ ತುಂಬ ಪ್ರೋಗ್ರಾಮ್ ಬರೆಯುವವರೂ ಫ್ರೀಯನ್ನೂ ಕ್ಯಾಶನ್ನೂ ಕೂಡಿಸಿ ಇಷ್ಟು ಸಿಗುತ್ತದೆ ಅಂತ ಅಂದಾಜು ಮಾಡುತ್ತಿದ್ದರು. ಅದೂ ತಪ್ಪು, ಯಾಕೆ ಅಂತ ಈಗ ಹೇಳುತ್ತೇನೆ. ಕೊನೆಗೆ ರಿಕ್ ವಾನ್ ರೀಲ್ ಅನ್ನುವ ಕರ್ನಲ್ ಡೆವಲಪರ್, ಈ ಅಂದಾಜನ್ನು ಹೊರಗಿನವರು ಮಾಡುವುದು ಬೇಡ, ಒಳಗಿನ ವಿಷಯ ಗೊತ್ತಿರುವ ಕರ್ನಲ್ಲೇ ಮಾಡಲಿ ಅಂತ, ಕರ್ನಲ್ ಕೊಡುವ ಮೆಮೊರಿ ಪಟ್ಟಿಗೆ ಅವೈಲಬಲ್ ಎಷ್ಟು ಅನ್ನುವ ಹೊಸ ಸಾಲು ಸೇರಿಸಿದರು. 2014ರಲ್ಲಿ ಬಂದ ಲಿನಕ್ಸ್ 3.14ರಿಂದ ಅದು ಇದೆ. ಫ್ರೀ ಕಮಾಂಡಿಗೆ ಅವೈಲಬಲ್ ಕಾಲಮ್ ಬಂದಿದ್ದೂ ಅದೇ ವರ್ಷ. ನನಗೆ ಎರಡು ವರ್ಷ ತಡವಾಯಿತು.

ಕ್ಯಾಶ್ ಅಷ್ಟನ್ನೂ ಖಾಲಿ ಅಂತ ಯಾಕೆ ಲೆಕ್ಕ ಹಾಕಬಾರದು? ಮತ್ತೆ ಜಗಲಿಗೆ ಬನ್ನಿ. ಚೀಲ ಸರಿಸಬಹುದು, ಸಿಪ್ಪೆ ಗುಡಿಸಬಹುದು. ಆದರೆ ಮೂಲೆಯ ಈಜಿಚೇರಿನಲ್ಲಿ ಅಜ್ಜ ಕೂತಿದ್ದಾರೆ, ಅವರನ್ನು ಏಳಿಸುವುದಕ್ಕಾಗುತ್ತಾ? ಆಗಲ್ಲ. ಶೇರ್ಡ್ ಅನ್ನುವ ಕಾಲಮ್ ಹೆಚ್ಚುಕಡಿಮೆ ಅಜ್ಜನ ಹಾಗೆ. ರ‍್ಯಾಮಿನಲ್ಲೇ ಇರುವ ತಾತ್ಕಾಲಿಕ ಫೈಲುಗಳು, ಬೇರೆಬೇರೆ ಪ್ರೋಗ್ರಾಮುಗಳು ಹಂಚಿಕೊಂಡ ಮೆಮೊರಿ ಇವೆಲ್ಲ ಅಲ್ಲಿರುತ್ತವೆ. ಲೆಕ್ಕದಲ್ಲಿ ಕ್ಯಾಶ್ ಜೊತೆಗೇ ಸೇರಿರುತ್ತವೆ, ಆದರೆ ಬಿಸಾಡುವ ಹಾಗಿಲ್ಲ. ಅವುಗಳ ನಕಲು ಡಿಸ್ಕಿನಲ್ಲಿ ಇಲ್ಲವಲ್ಲ. ಅದೂ ಅಲ್ಲದೆ ಕ್ಯಾಶ್ ಪೂರ್ತಿ ಖಾಲಿ ಮಾಡಿದರೆ ಮೆಷಿನ್ ತೆವಳುತ್ತದೆ, ಅದಕ್ಕೇ ಕರ್ನಲ್ ಒಂದು ಪಾಲನ್ನು ಇಟ್ಟುಕೊಂಡೇ ಅವೈಲಬಲ್ ಎಷ್ಟು ಅಂತ ಹೇಳುತ್ತದೆ.

ಹಿಂದಿನ ಸಾಲಿನಲ್ಲಿ ಕೂತ ಕಾಲೇಜು ಹುಡುಗಿ ಒಬ್ಬಳು ಆಗಲೇ ಕೂಡಿಸಿ ನೋಡಿದ್ದಾಳೆ. ‘ಸಾರ್, ಯೂಸ್ಡ್, ಫ್ರೀ, ಕ್ಯಾಶ್ ಮೂರೂ ಸೇರಿಸಿದರೆ 8 ಆಗುತ್ತೆ, ಟೋಟಲ್ 7.5 ಅಂತಿದೆ’ ಅಂತ. ಭೇಷ್! ಫ್ರೀ ಕಮಾಂಡಿನ ಇದಕ್ಕಿಂತ ಹಿಂದಿನ ಆವೃತ್ತಿಯಲ್ಲಿ ಮೂರೂ ಕೂಡಿದರೆ ಟೋಟಲ್ ಬರುತ್ತಿತ್ತು. ಹೊಸ 4ನೇ ಸರಣಿಯ ಆವೃತ್ತಿಯಲ್ಲಿ ಯೂಸ್ಡ್ ಲೆಕ್ಕ ಬದಲಾಗಿದೆ. ಟೋಟಲ್‌ನಿಂದ ಅವೈಲಬಲ್ ಕಳೆದರೆ ಉಳಿದಿದ್ದೆಲ್ಲ ಯೂಸ್ಡ್. 7.5ರಲ್ಲಿ 4.1 ಕಳೆಯಿರಿ, 3.4. ಅಂದರೆ ಅಜ್ಜ ಎರಡು ಕಾಲಮ್ಮಿನಲ್ಲೂ ಲೆಕ್ಕಕ್ಕೆ ಬರುತ್ತಾರೆ, ಒಮ್ಮೆ ಯೂಸ್ಡ್‌ನಲ್ಲಿ, ಒಮ್ಮೆ ಕ್ಯಾಶಿನಲ್ಲಿ. ನಿಮ್ಮ ಮೆಷಿನ್‌ನಲ್ಲಿ ಮೂರೂ ಸರಿಯಾಗಿ ಕೂಡಿದರೆ ನಿಮ್ಮದು ಹಳೆಯ ಆವೃತ್ತಿ, ಅಷ್ಟೇ.

ಈ ಅಂಕಿಗಳೆಲ್ಲ ಎಲ್ಲಿಂದ ಬರುತ್ತವೆ ಅಂತ ನೋಡಬೇಕಾ? ಕ್ಯಾಟ್, ಸ್ಪೇಸ್, ಸ್ಲ್ಯಾಶ್, ಪ್ರೊಕ್, ಸ್ಲ್ಯಾಶ್, ಮೆಮ್‌ಇನ್ಫೋ. ಪಿ ಆರ್ ಒ ಸಿ, ಎಂ ಇ ಎಂ ಐ ಎನ್ ಎಫ್ ಒ. ಉದ್ದ ಪಟ್ಟಿ ಬರುತ್ತದೆ, ಹೆದರಬೇಡಿ. ಇದು ಡಿಸ್ಕಿನಲ್ಲಿ ಇರುವ ಫೈಲಲ್ಲ. ಅದರ ಸೈಜ್ ನೋಡಿದರೆ ಸೊನ್ನೆ ಅಂತ ತೋರಿಸುತ್ತದೆ. ನೀವು ಓದುವುದಕ್ಕೆ ಕೇಳಿದ ಕ್ಷಣಕ್ಕೆ ಕರ್ನಲ್ ಆಗಿಂದಾಗಲೇ ಬರೆದು ಕೊಡುತ್ತದೆ. ಫ್ರೀ ಕಮಾಂಡ್ ಮಾಡುವುದೂ ಇದನ್ನೇ ಓದಿ ಅಂದವಾಗಿ ಜೋಡಿಸುವ ಕೆಲಸ.

ಈ ಪಟ್ಟಿಯಲ್ಲಿ ಒಂದು ಸಾಲನ್ನು ನಾನು ಮಳೆಗಾಲದಲ್ಲಿ ಆಗಾಗ ನೋಡುತ್ತೇನೆ. ಡರ್ಟಿ ಅಂತ ಇದೆ ನೋಡಿ. ಕೊಳಕು ಅಂತ ಅಲ್ಲ, ಇನ್ನೂ ಡಿಸ್ಕಿಗೆ ಬರೆಯದೆ ಇರುವುದು ಅಂತ. ನೀವು ಸೇವ್ ಒತ್ತಿದ ತಕ್ಷಣ ಎಲ್ಲವೂ ಡಿಸ್ಕಿಗೆ ಹೋಗುತ್ತದೆ ಅಂದುಕೊಂಡಿರುತ್ತೀರಿ. ಎಷ್ಟೋ ಸಲ ಅದು ಮೊದಲು ರ‍್ಯಾಮಿಗೆ ಹೋಗಿ, ಅರ್ಧ ನಿಮಿಷದ ಆಸುಪಾಸು ಕಾದು, ಆಮೇಲೆ ಡಿಸ್ಕಿಗೆ ಹೋಗುತ್ತದೆ. ನಮ್ಮ ಕಡೆ ಜೂನ್ ಬಂದರೆ ಕರೆಂಟ್ ಕತೆ ನಿಮಗೆ ಗೊತ್ತು. ಒಂದು ಗಾಳಿ ಬೀಸಿದರೆ ಎಲ್ಲೋ ಒಂದು ಮರ ತಂತಿ ಮೇಲೆ. ಆ ಅರ್ಧ ನಿಮಿಷದಲ್ಲಿ ಕರೆಂಟ್ ಹೋದರೆ ಬರೆಯದೆ ಉಳಿದಿದ್ದು ಹೋಯಿತು. ಸಿಂಕ್ ಅಂತ ನಾಲ್ಕಕ್ಷರದ ಕಮಾಂಡ್ ಇದೆ, ಎಸ್ ವೈ ಎನ್ ಸಿ. ಅದನ್ನು ಹೊಡೆದರೆ ಬಾಕಿ ಇದ್ದಿದ್ದನ್ನೆಲ್ಲ ಆಗಲೇ ಬರೆಯುತ್ತದೆ. ಪೆನ್‌ಡ್ರೈವ್ ವಿಷಯವೂ ಇದೇ. ಕಾಪಿ ಮುಗೀತು ಅಂತ ತೋರಿಸಿದ ತಕ್ಷಣ ಕಿತ್ತು, ಜೆರಾಕ್ಸ್ ಅಂಗಡಿಗೆ ಹೋಗಿ, ಫೈಲ್ ತೆರೆಯಲ್ಲ ಅಂತ ಅಂಗಡಿಯವನನ್ನು ಬೈದವರು ಇಲ್ಲಿ ಎಷ್ಟು ಜನ ಇದ್ದೀರಿ? ನಗುವವರನ್ನೆಲ್ಲ ಲೆಕ್ಕ ಹಾಕಿದ್ದೇನೆ.

ಈಗ ಸ್ವಾಪ್. ಅದು ಮನೆಯ ಅಟ್ಟ. ಕೆಳಗೆ ಜಾಗ ಸಾಲದಿದ್ದರೆ ಸದ್ಯಕ್ಕೆ ಬೇಡದ ಸಾಮಾನನ್ನು ಏಣಿ ಹತ್ತಿ ಮೇಲಿಡುತ್ತೇವೆ. ಇಲ್ಲಿ ಅಟ್ಟ ಅಂದರೆ ಡಿಸ್ಕಿನ ಒಂದು ಭಾಗ. ಬಹಳ ಜನ ಸ್ವಾಪ್ ಸಾಲಿನಲ್ಲಿ ಯೂಸ್ಡ್ ಸೊನ್ನೆಗಿಂತ ಜಾಸ್ತಿ ಕಂಡರೆ ಗಾಬರಿ ಆಗುತ್ತಾರೆ. ಮದುವೆಗೆ ಮಾತ್ರ ಬೇಕಾಗುವ ದೊಡ್ಡ ತಪ್ಪಲೆ ಅಟ್ಟದ ಮೇಲಿದ್ದರೆ ಏನು ತೊಂದರೆ? ಒಳ್ಳೆಯದೇ. ಬೆಳಗ್ಗೆಯಿಂದ ಮುಟ್ಟದ ಪ್ರೋಗ್ರಾಮಿನ ಮೆಮೊರಿಯನ್ನು ಕರ್ನಲ್ ಮೇಲಿಟ್ಟು ಕೆಳಗೆ ಜಾಗ ಮಾಡಿಕೊಂಡಿದ್ದರೆ ಅದು ಜಾಣತನ. ತೊಂದರೆ ಇರುವುದು ದಿನಬಳಕೆಯ ಪಾತ್ರೆಯೂ ಅಟ್ಟ ಸೇರಿ, ಸಾರಿಗೊಮ್ಮೆ ಪಲ್ಯಕ್ಕೊಮ್ಮೆ ಏಣಿ ಹತ್ತಿ ಇಳಿಯುವ ಹಾಗಾದಾಗ. ಅಡುಗೆ ಆಗುವುದೇ ಇಲ್ಲ, ಏಣಿ ಹತ್ತುವುದೇ ಕೆಲಸ. ಮೆಷಿನ್ ಹ್ಯಾಂಗ್ ಆಯಿತು, ಮೌಸ್ ಕೂಡ ಅಲ್ಲಾಡಲ್ಲ, ಡಿಸ್ಕ್ ದೀಪ ಮಾತ್ರ ಮಿನುಗುತ್ತಲೇ ಇದೆ ಅನ್ನುತ್ತೀರಲ್ಲ, ಅದು ಈ ಸ್ಥಿತಿ.

ಈ ಏಣಿ ಹತ್ತಿಳಿಯುವುದು ಫ್ರೀ ಕಮಾಂಡಿನಲ್ಲಿ ಕಾಣುವುದಿಲ್ಲ. ಲಿಂಗನಮಕ್ಕಿ ನೀರಿನ ಮಟ್ಟ ಪೇಪರಿನಲ್ಲಿ ನೋಡುತ್ತೀರಲ್ಲ, ಗರಿಷ್ಠ 1819 ಅಡಿ, ಇವತ್ತು ಇಷ್ಟು ಅಂತ. ಅದರ ಪಕ್ಕದಲ್ಲೇ ಒಳಹರಿವು, ಹೊರಹರಿವು ಅಂತ ಎರಡು ಅಂಕಿ ಇರುತ್ತವೆ. ಮಟ್ಟ ಒಂದನ್ನೇ ನೋಡಿದರೆ ನಾಳೆ ಏನಾಗುತ್ತದೆ ಅಂತ ಗೊತ್ತಾಗಲ್ಲ. ಶರಾವತಿ ದಂಡೆಯವರು ಮೊದಲು ನೋಡುವುದು ಹರಿವು. ಫ್ರೀ ಕಮಾಂಡ್ ಮಟ್ಟ ಹೇಳುತ್ತದೆ. ಹರಿವು ಬೇಕಾದರೆ ವಿಎಂಸ್ಟ್ಯಾಟ್, ಸ್ಪೇಸ್, 1. ವಿ ಎಂ ಎಸ್ ಟಿ ಎ ಟಿ. ಸೆಕೆಂಡಿಗೊಂದು ಸಾಲು ಬರುತ್ತಾ ಹೋಗುತ್ತದೆ, ನಿಲ್ಲಿಸಲು ಕಂಟ್ರೋಲ್ ಸಿ.

ಮೊದಲ ಸಾಲನ್ನು ಬಿಟ್ಟುಬಿಡಿ. ಅದು ಮೆಷಿನ್ ಆನ್ ಆದಾಗಿನಿಂದ ಇಲ್ಲಿವರೆಗಿನ ಸರಾಸರಿ, ಈಗಿನದಲ್ಲ. ಎರಡನೇ ಸಾಲಿನಿಂದ ನೋಡಿ. ಎಸ್ ಐ, ಎಸ್ ಒ ಅಂತ ಎರಡು ಕಾಲಮ್ ಇವೆ. ಎಸ್ ಐ ಅಟ್ಟದಿಂದ ಇಳಿದಿದ್ದು, ಎಸ್ ಒ ಅಟ್ಟಕ್ಕೆ ಹೋಗಿದ್ದು. ಎರಡೂ ಸೊನ್ನೆ ಸೊನ್ನೆ ಅಂತ ಬರುತ್ತಿದ್ದರೆ ಸ್ವಾಪಿನಲ್ಲಿ ಒಂದು ಜಿಬಿ ಕೂತಿದ್ದರೂ ತಲೆ ಕೆಡಿಸಿಕೊಳ್ಳಬೇಡಿ. ಎರಡರಲ್ಲೂ ದೊಡ್ಡ ಅಂಕಿ ಬಿಡದೆ ಬರುತ್ತಿದ್ದರೆ, ಅದರ ಜೊತೆಗೆ ಅವೈಲಬಲ್ ಕೂಡ ನೆಲ ಕಂಡಿದ್ದರೆ, ಆಗ ನಿಜವಾಗಿ ಮೆಮೊರಿ ಸಾಲುತ್ತಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ ಈ ಎರಡು ಕಾಲಮ್ ನೋಡದೆ ಯಾರಿಗೂ ರ‍್ಯಾಮ್ ಹಾಕಿಸಿ ಅಂತ ಈಗ ಹೇಳುವುದಿಲ್ಲ.

ತಿನ್ನುತ್ತಿರುವುದು ಯಾರು ಅಂತ ಹುಡುಕುವುದು ಮುಂದಿನದು. ಟಾಪ್ ಅಂತ ಹೊಡೆಯಿರಿ, ಬಂದ ಮೇಲೆ ಶಿಫ್ಟ್ ಹಿಡಿದು ಎಂ ಒತ್ತಿ. ಜಾಸ್ತಿ ಮೆಮೊರಿ ಹಿಡಿದವರು ಮೇಲೆ ಬರುತ್ತಾರೆ. ಎಚ್‌ಟಾಪ್ ಹಾಕಿಕೊಂಡರೆ ಇನ್ನೂ ಚೆಂದ, ಬಣ್ಣದ ಪಟ್ಟಿ ಬರುತ್ತದೆ, ಹಸಿರು ನಿಜವಾದ ಬಳಕೆ, ಹಳದಿ ಕ್ಯಾಶ್. ಹಳದಿ ಉದ್ದ ಇದ್ದರೆ ಖುಷಿಪಡಿ.

ಇಲ್ಲಿ ಎರಡು ಕಾಲಮ್ ಮತ್ತೆ ದಾರಿ ತಪ್ಪಿಸುತ್ತವೆ. ಒಂದು ವರ್ಟ್, ಇನ್ನೊಂದು ರೆಸ್. ವರ್ಟ್ ಕಾಲಮ್ಮಿನಲ್ಲಿ ಬ್ರೌಸರ್ ಎದುರು ಹತ್ತಾರು ಜಿಬಿ ಕಂಡು ಎದೆ ಹಿಡಿದುಕೊಂಡವರನ್ನು ನೋಡಿದ್ದೇನೆ. ಬೆಳೆಸಾಲ ಮಂಜೂರಾಗುವುದಕ್ಕೂ ನೀವು ದುಡ್ಡು ಎತ್ತುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ? ವರ್ಟ್ ಅಂದರೆ ಮಂಜೂರಾಗಿದ್ದು. ರೆಸ್ ಅಂದರೆ ಎತ್ತಿಕೊಂಡಿದ್ದು. ಪ್ರೋಗ್ರಾಮುಗಳು ಬೇಕಾಗಲಿ ಬಿಡಲಿ ಸಿಕ್ಕಾಪಟ್ಟೆ ಕೇಳುತ್ತವೆ, ಲಿನಕ್ಸ್ ಹೂಂ ಅನ್ನುತ್ತದೆ, ನಿಜವಾಗಿ ಮುಟ್ಟಿದಾಗ ಮಾತ್ರ ರ‍್ಯಾಮ್ ಕೊಡುತ್ತದೆ. ಹಾಗಾಗಿ ರೆಸ್ ನೋಡಿ.

ಆದರೆ ಎಲ್ಲರ ರೆಸ್ ಕೂಡಿಸಬೇಡಿ, ಟೋಟಲ್‌ಗಿಂತ ಜಾಸ್ತಿ ಬರಬಹುದು. ಹಿಸ್ಸೆ ಆದ ಮೂರು ಅಣ್ಣತಮ್ಮಂದಿರ ಮನೆಗೆ ಒಂದೇ ಬಾವಿ. ಮೂವರನ್ನೂ ಕೇಳಿದರೆ ಮೂವರೂ ‘ನಮಗೊಂದು ಬಾವಿ ಇದೆ’ ಅನ್ನುತ್ತಾರೆ. ಕೂಡಿಸಿದರೆ ಮೂರು ಬಾವಿ. ಪ್ರೋಗ್ರಾಮುಗಳು ಹಂಚಿಕೊಳ್ಳುವ ಲೈಬ್ರರಿಗಳು, ಅಂದರೆ ಸಿದ್ಧ ಕೋಡಿನ ಕಟ್ಟುಗಳು, ಈ ಬಾವಿ ಇದ್ದ ಹಾಗೆ, ಪ್ರತಿಯೊಬ್ಬರ ರೆಸ್‌ನಲ್ಲೂ ಪೂರ್ತಿಯಾಗಿ ಬರುತ್ತವೆ. ಬಾವಿಯನ್ನು ಮೂರು ಪಾಲು ಮಾಡಿ ಹೇಳುವ ಪಿಎಸ್ಎಸ್ ಅನ್ನುವ ಲೆಕ್ಕವೂ ಇದೆ. ಎಸ್‌ಮೆಮ್ ಅನ್ನುವ ಪ್ಯಾಕೇಜ್ ಹಾಕಿಕೊಂಡರೆ ಅದನ್ನು ತೋರಿಸುತ್ತದೆ. ದಿನಬಳಕೆಗೆ ಅಷ್ಟು ಬೇಕಾಗಲ್ಲ.

ಮೆಮೊರಿಯೂ ಮುಗಿದು, ಅಟ್ಟವೂ ತುಂಬಿದರೆ? ಕರ್ನಲ್ ಒಬ್ಬರನ್ನು ಮನೆಯಿಂದ ಆಚೆ ಹಾಕುತ್ತದೆ. ಔಟ್ ಆಫ್ ಮೆಮೊರಿ ಕಿಲ್ಲರ್ ಅಂತ ಅದರ ಹೆಸರು, ಹೆಸರೇ ಭಯಂಕರ. ಎಲ್ಲರಿಗೂ ಅಂಕ ಕೊಡುತ್ತದೆ, ಮುಖ್ಯವಾಗಿ ಯಾರು ಜಾಸ್ತಿ ಮೆಮೊರಿ ಹಿಡಿದಿದ್ದಾರೆ ಅಂತ ನೋಡಿ. ಇಲ್ಲೇ ತಮಾಷೆ, ಇಲ್ಲೇ ದುಃಖ. ಮೆಷಿನ್‌ನಲ್ಲಿ ಅತಿ ಜಾಸ್ತಿ ಮೆಮೊರಿ ಹಿಡಿದಿರುವುದು ಸಾಮಾನ್ಯವಾಗಿ ನಿಮಗೆ ಅತಿ ಮುಖ್ಯವಾದದ್ದೇ ಆಗಿರುತ್ತದೆ. ನಾನು 1 ಜಿಬಿಯ ಒಂದು ಬಾಡಿಗೆ ಸರ್ವರ್ ಇಟ್ಟುಕೊಂಡು ಒಂದು ಸಣ್ಣ ವೆಬ್‌ಸೈಟ್ ನಡೆಸುತ್ತಿದ್ದೆ. ವಾರಕ್ಕೊಮ್ಮೆ ರಾತ್ರಿ ಡೇಟಾಬೇಸ್ ತಾನಾಗಿ ನಿಂತುಹೋಗುತ್ತಿತ್ತು. ಡೇಟಾಬೇಸಿನ ಲಾಗ್‌ನಲ್ಲಿ ಏನೂ ಇಲ್ಲ, ಸಾಯುವವರು ಡೈರಿ ಬರೆದಿಟ್ಟು ಸಾಯುತ್ತಾರಾ? ಎರಡು ವಾರ ಡೇಟಾಬೇಸಿನ ಸೆಟ್ಟಿಂಗ್ ತಿರುಚಿ ತಿರುಚಿ ಸಾಕಾಯಿತು. ಕೊನೆಗೆ ಸುಡೊ (ಯಜಮಾನನ ಅಧಿಕಾರದಲ್ಲಿ ಓಡಿಸು ಅಂತ), ಡಿಮೆಸೇಜ್ ಹೊಡೆದರೆ, ಡಿ ಎಂ ಇ ಎಸ್ ಜಿ, ಕರ್ನಲ್ ಸ್ಪಷ್ಟವಾಗಿ ಬರೆದಿಟ್ಟಿತ್ತು: ಔಟ್ ಆಫ್ ಮೆಮೊರಿ, ಇಂಥ ಪ್ರೋಸೆಸ್ ಕೊಂದಿದ್ದೇನೆ ಅಂತ. ಮೆಮೊರಿ ತಿಂದಿದ್ದು ರಾತ್ರಿ ಓಡುತ್ತಿದ್ದ ನನ್ನದೇ ಒಂದು ಸ್ಕ್ರಿಪ್ಟ್. ಇಡೀ ಲಾಗ್ ಫೈಲನ್ನು ಒಂದೇ ಗುಟುಕಿಗೆ ಮೆಮೊರಿಗೆ ಎಳೆದುಕೊಳ್ಳುತ್ತಿತ್ತು. ಅಪರಾಧ ಒಬ್ಬರದು, ಶಿಕ್ಷೆ ಇನ್ನೊಬ್ಬರಿಗೆ. ಉಬುಂಟು ಡೆಸ್ಕ್‌ಟಾಪ್ 22.04ರಿಂದ ಈಚೆಗೆ ಇನ್ನೊಬ್ಬ ಕಾವಲುಗಾರ ಇದ್ದಾನೆ, ಒತ್ತಡ ಜಾಸ್ತಿಯಾದರೆ ಪೂರ್ತಿ ಮುಗಿಯುವವರೆಗೂ ಕಾಯದೆ ಮುಂಚೆಯೇ ಕೈ ಹಾಕುತ್ತಾನೆ. ಬ್ರೌಸರ್ ಸದ್ದಿಲ್ಲದೆ ಮಾಯವಾದರೆ ಅವನ ಮೇಲೂ ಒಂದು ಅನುಮಾನ ಇರಲಿ.

ಯಾರೋ ಕೇಳಿದರು, ಕ್ಯಾಶ್ ಖಾಲಿ ಮಾಡುವ ಕಮಾಂಡ್ ಇದೆಯಂತಲ್ಲ, ಗಂಟೆಗೊಮ್ಮೆ ಓಡುವ ಹಾಗೆ ಇಟ್ಟರೆ ಹೇಗೆ ಅಂತ. ಇದೆ. ಡ್ರಾಪ್ ಕ್ಯಾಶಸ್ ಅಂತ. ಪರೀಕ್ಷೆ ಮಾಡುವವರಿಗೆ ಅಂತ ಇಟ್ಟಿದ್ದು. ಡೇಟಾ ಏನೂ ಹಾಳಾಗಲ್ಲ. ಆದರೆ ಗಂಟೆಗೊಮ್ಮೆ ಓಡಿಸುವುದು ಅಂದರೆ, ನೆಂಟರು ಬರುವ ಸುದ್ದಿಯೇ ಇಲ್ಲದೆ ಗಂಟೆಗೊಮ್ಮೆ ಜಗಲಿಯ ಅಡಿಕೆಯನ್ನೆಲ್ಲ ತೋಟಕ್ಕೆ ಹೊತ್ತು ಹಾಕಿ, ಮತ್ತೆ ತೋಟದಿಂದ ಹೊತ್ತು ತರುವುದು. ಫ್ರೀ ಕಾಲಮ್ ನೋಡಲು ಚೆಂದ ಕಾಣುತ್ತದೆ, ಕೆಲಸ ನಿಧಾನ ಆಗುತ್ತದೆ. ಫೋನಿನಲ್ಲಿ ರ‍್ಯಾಮ್ ಕ್ಲೀನ್ ಮಾಡುವ ಆ್ಯಪ್ ಹಾಕಿಕೊಂಡವರಿಗೂ ಇದೇ ಮಾತು.

ವಿಂಡೋಸ್ ಇರುವವರು ಬೇಜಾರಾಗಬೇಡಿ. ಕಮಾಂಡ್ ಪ್ರಾಂಪ್ಟ್ ತೆರೆದು ಸಿಸ್ಟಮ್‌ಇನ್ಫೋ ಅಂತ ಒಂದೇ ಪದ, ನಡುವೆ ಸ್ಪೇಸ್ ಇಲ್ಲದೆ ಹೊಡೆಯಿರಿ. ಸ್ವಲ್ಪ ಹೊತ್ತು ಯೋಚಿಸಿ ಉದ್ದ ಪಟ್ಟಿ ಕೊಡುತ್ತದೆ, ಅದರಲ್ಲಿ ಅವೈಲಬಲ್ ಫಿಸಿಕಲ್ ಮೆಮೊರಿ ಅನ್ನುವ ಸಾಲು ನಿಮಗೆ ಬೇಕಾದದ್ದು. ವಿಂಡೋಸ್ ಕೂಡ ಹಳೆಯ ಫೈಲುಗಳನ್ನು ರ‍್ಯಾಮಿನಲ್ಲಿ ಇಟ್ಟುಕೊಂಡಿರುತ್ತದೆ, ಸ್ಟ್ಯಾಂಡ್‌ಬೈ ಅಂತ ಕರೆಯುತ್ತದೆ, ಅದನ್ನೂ ಸೇರಿಸಿಯೇ ಅವೈಲಬಲ್ ಅನ್ನುತ್ತದೆ. ಮ್ಯಾಕ್‌ನಲ್ಲಿ ಫ್ರೀ ಕಮಾಂಡ್ ಇಲ್ಲ. ವಿಎಂ, ಅಂಡರ್‌ಸ್ಕೋರ್, ಸ್ಟ್ಯಾಟ್ ಇದೆ, ಲೆಕ್ಕವನ್ನು ಪುಟಗಳಲ್ಲಿ ಕೊಡುತ್ತದೆ. ಇಂಟೆಲ್ ಮ್ಯಾಕ್‌ನಲ್ಲಿ ಒಂದು ಪುಟ 4 ಕೆಬಿ, ಆಪಲ್‌ನದೇ ಚಿಪ್ ಇರುವ ಹೊಸದರಲ್ಲಿ 16 ಕೆಬಿ. ಮೊದಲ ಸಾಲಿನಲ್ಲೇ ಬರೆದಿರುತ್ತದೆ, ನೋಡಿಕೊಂಡು ಗುಣಿಸಿ. ಇಲ್ಲದಿದ್ದರೆ ಉತ್ತರ ನಾಲ್ಕು ಪಟ್ಟು ತಪ್ಪುತ್ತದೆ.

ಕೊನೆಯ ಪ್ರಶ್ನೆ ಡಿಟಿಪಿ ಅಂಗಡಿ ನಡೆಸುವ ಅಕ್ಕನದು. ‘ಇಷ್ಟೆಲ್ಲ ಕೇಳಿದ ಮೇಲೂ ನನ್ನ ಕಂಪ್ಯೂಟರಿಗೆ ರ‍್ಯಾಮ್ ಬೇಕೋ ಬೇಡವೋ ಹೇಳಿ’ ಅಂತ. ಅಕ್ಕ, ನಾನು ಇಲ್ಲಿ ನಿಂತು ಹೇಳಲ್ಲ, ಒಮ್ಮೆ ಹೇಳಿ ಕೆಟ್ಟಿದ್ದೇನೆ. ಮದುವೆ ಸೀಸನ್ನಿನಲ್ಲಿ, ಆಮಂತ್ರಣ ಪತ್ರಿಕೆಯ ನಾಲ್ಕು ಫೈಲ್ ತೆರೆದು, ಬ್ರೌಸರೂ ತೆರೆದು, ಪ್ರಿಂಟ್ ಹೋಗುತ್ತಿರುವಾಗ ನೋಡಿ. ಬೆಳಗ್ಗೆ ಅಂಗಡಿ ಬಾಗಿಲು ತೆಗೆದ ತಕ್ಷಣ ನೋಡಿದರೆ ಎಲ್ಲರ ಮೆಷಿನ್ನೂ ಚೆನ್ನಾಗೇ ಇರುತ್ತದೆ. ಆಗ ಅವೈಲಬಲ್ ಎಷ್ಟಿದೆ, ಎಸ್ ಐ, ಎಸ್ ಒ ಅಲ್ಲಾಡುತ್ತಿವೆಯಾ ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮೂರು ದಿನ ಹಾಗೆ ಮಾಡಿ.

ಬೇಕು ಅಂತಲೇ ಆದರೆ, ಅಂಗಡಿಗೆ ಹೋಗುವ ಮುಂಚೆ ಸುಡೊ, ಸ್ಪೇಸ್, ಡಿಎಂಐಡಿಕೋಡ್, ಸ್ಪೇಸ್, ಹೈಫನ್ ಟಿ, ಸ್ಪೇಸ್, ಮೆಮೊರಿ. ಎಷ್ಟು ಸ್ಲಾಟ್ ಇವೆ, ಯಾವುದರಲ್ಲಿ ಎಷ್ಟು ಜಿಬಿ ಕೂತಿದೆ, ಡಿಡಿಆರ್ 3 ಅಥವಾ ಡಿಡಿಆರ್ 4, ಗರಿಷ್ಠ ಎಷ್ಟು ಹಾಕಬಹುದು ಅಂತ ಬಹುತೇಕ ಮೆಷಿನ್‌ಗಳಲ್ಲಿ ಬರುತ್ತದೆ. ಡಿಡಿಆರ್ 3 ಸ್ಲಾಟಿಗೆ ಡಿಡಿಆರ್ 4 ಕೂರಲ್ಲ, ನಡುವಿನ ಗೀರಿನ ಜಾಗವೇ ಬೇರೆ. ಬಲ ಹಾಕಿ ಒತ್ತಬೇಡಿ. ಕೆಲವು ಲ್ಯಾಪ್‌ಟಾಪುಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಅಲ್ಲಿ ಸ್ಲಾಟೇ ಇರುವುದಿಲ್ಲ. ಆ ಔಟ್‌ಪುಟ್ ಅನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡು ಹೋಗಿ ತೋರಿಸಿ. ನಿಮ್ಮ ಚೀಟಿಯನ್ನು ನನಗೂ ತೋರಿಸಿ ಅಕ್ಕ, ಈ ಸಲ ಎರಡನೇ ಸಾಲನ್ನೂ ಓದುತ್ತೇನೆ.